ಹಾಡು ರೆಕಾರ್ಡ್ ಮಾಡೋಕೆ ಒಂದೂವರೆ ಲಕ್ಷದ ಕಂಪ್ಯೂಟರ್ ಬೇಕಾ? ಸಾಲ ಮಾಡೋ ಮುಂಚೆ ಇದನ್ನೊಮ್ಮೆ ಓದಿ

ಅಜ್ಜಂಪುರ: ಪಟ್ಟಣದ ಕಿರಾಣಿ ಅಂಗಡಿಯವರೊಬ್ಬರು ಮೊನ್ನೆ ಬೇರೆ ಏನೋ ಮಾತಾಡ್ತಾ ಒಂದು ಪ್ರಶ್ನೆ ಹಾಕಿದರು. "ಸರ್, ನಮ್ಮ ಹುಡುಗ ಡಿಗ್ರಿ ಮುಗಿಸಿದಾನೆ. ಭಜನೆ, ಜಾನಪದ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ತಿರ್ತಾನೆ. ಈಗ ಇದನ್ನೇ ಕಸುಬು ಮಾಡ್ಕೋತೀನಿ, ಒಂದೂವರೆ ಲಕ್ಷದ ಲ್ಯಾಪ್‌ಟಾಪ್ ಕೊಡ್ಸು ಅಂತ ಕೂತಿದಾನೆ. ಅದಿಲ್ಲದಿದ್ರೆ ಪ್ರೊಫೆಷನಲ್ ಕೆಲಸ ಆಗೋದೇ ಇಲ್ವಂತೆ. ನಿಜವಾ?"

ಮಗನನ್ನೂ ಕೇಳಿದೆವು. ಅವನ ಮಾತಲ್ಲೂ ಸುಳ್ಳಿಲ್ಲ. "ಅಪ್ಪಂಗೆ ಇದು ಗೊತ್ತಾಗಲ್ಲ ಸರ್. ಈಗಿರೋ ಲ್ಯಾಪ್‌ಟಾಪಲ್ಲಿ ಆರು ಟ್ರ್ಯಾಕ್ ದಾಟಿದ್ರೆ ಸೌಂಡು ಪಟಪಟ ಅಂತ ಒಡೆಯುತ್ತೆ. ಹಾಡುವಾಗ ಹೆಡ್‌ಫೋನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳುತ್ತೆ. ಇದ್ರಲ್ಲಿ ದುಡ್ಡು ಇಸ್ಕೊಂಡು ಕೆಲಸ ಮಾಡೋದು ಹೆಂಗೆ?"

ಇದು ಒಂದೇ ಮನೆಯ ಜಗಳ ಅಲ್ಲ. ಅಜ್ಜಂಪುರ, ಕಡೂರು, ಬೀರೂರು, ತರೀಕೆರೆ ಕಡೆ ಭಜನಾ ಮಂಡಳಿಯ ಹಾಡು, ಜಾತ್ರೆ ಹಾಡು, ಮದುವೆ ವಿಡಿಯೋಗೆ ಸಂಗೀತ, ಅಂಗಡಿ ಪ್ರಚಾರದ ಆಟೋಗೆ ಧ್ವನಿ, ಇಂಥ ಕೆಲಸಕ್ಕೆ ಕೈ ಹಾಕಿರೋ ಹುಡುಗರು ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು. ಎಲ್ಲರಿಗೂ ಮೊದಲು ಕಣ್ಣಿಗೆ ಬೀಳೋದು ಕಂಪ್ಯೂಟರ್. ಕಂತಿನ ಲೆಕ್ಕ ಕಣ್ಣಿಗೆ ಬೀಳೋದು ಆಮೇಲೆ.

ಆ ಲೆಕ್ಕ ಮೊದಲೇ ಹಾಕಿಬಿಡೋಣ. ಒಂದೂವರೆ ಲಕ್ಷವನ್ನು ವರ್ಷಕ್ಕೆ ಶೇ 16ರ ಬಡ್ಡಿಯಲ್ಲಿ 24 ಕಂತಿಗೆ ತಗೊಂಡರೆ ತಿಂಗಳಿಗೆ 7,345 ರೂಪಾಯಿ ಆಸುಪಾಸು ಕಟ್ಟಬೇಕು. ಎರಡು ವರ್ಷಕ್ಕೆ ಕಟ್ಟೋದು ಸುಮಾರು 1.76 ಲಕ್ಷ. ಒಂದು ಹಾಡಿಗೆ ಎರಡು ಸಾವಿರ ಸಿಗುತ್ತೆ ಅಂತ ಹಿಡಿದರೂ ತಿಂಗಳಿಗೆ ನಾಲ್ಕು ಹಾಡು ಬರೀ ಕಂತಿಗೇ ಹೋಯ್ತು. ಆಷಾಢದಲ್ಲಿ ಮದುವೆ ನಡೆಯಲ್ಲ, ಕಂತು ಮಾತ್ರ ಆಷಾಢ ಶ್ರಾವಣ ನೋಡಲ್ಲ. ಇಷ್ಟಾದ ಮೇಲೂ ಮೈಕು ಇನ್ನೂ ತಂದಿಲ್ಲ ಅನ್ನೋದು ನೆನಪಿರಲಿ.

ನಮ್ಮ ಉತ್ತರ ಇಷ್ಟು: ನಮ್ಮ ತಾಲ್ಲೂಕುಗಳಲ್ಲಿ ಆಗೋ ಬಹುಪಾಲು ಸಂಗೀತದ ಕೆಲಸಕ್ಕೆ ಹೊಸ ದುಬಾರಿ ಕಂಪ್ಯೂಟರ್ ಬೇಡ. ಆರೇಳು ವರ್ಷದ ಹಿಂದಿನ ಒಳ್ಳೇ ಮೆಷಿನ್ ಸಾಕು. ಕೆಲವು ಕೆಲಸಕ್ಕೆ ನಿಜವಾಗಿ ಬೇಕು, ಅದನ್ನೂ ಮುಂದೆ ಹೇಳ್ತೀವಿ.

ಕಂಪ್ಯೂಟರ್ ಇಲ್ಲಿ ಮಾಡೋದು ಬರೀ ಲೆಕ್ಕ

ಹಾಡುವವರ ದನಿ ಮೊದಲು ಮೈಕಿಗೆ ಬೀಳುತ್ತೆ. ಮೈಕಿನಿಂದ ಆಡಿಯೋ ಇಂಟರ್‌ಫೇಸ್ ಅನ್ನೋ ಪುಟ್ಟ ಪೆಟ್ಟಿಗೆಗೆ ಬರುತ್ತೆ. ದನಿಯನ್ನು ಅಂಕಿಗಳಾಗಿ ಬದಲಾಯಿಸೋದು ಈ ಪೆಟ್ಟಿಗೆ, ಕಂಪ್ಯೂಟರ್ ಅಲ್ಲ. ಅಂದ್ರೆ ದನಿ ಚೆನ್ನಾಗಿ ಬಂತೋ ಕೆಟ್ಟದಾಗಿ ಬಂತೋ ಅನ್ನೋದು ಕಂಪ್ಯೂಟರ್ ಮುಟ್ಟೋ ಮುಂಚೆಯೇ ತೀರ್ಮಾನ ಆಗಿರುತ್ತೆ.

ಆ ಅಂಕಿಗಳು ಎಷ್ಟಿರುತ್ತವೆ? ಸಿನಿಮಾ, ವಿಡಿಯೋ ಕೆಲಸದಲ್ಲಿ ರೂಢಿಯಲ್ಲಿರೋದು ಸೆಕೆಂಡಿಗೆ 48,000 ಸಲ ಅಳತೆ, ಪ್ರತಿ ಅಳತೆಗೆ 24 ಬಿಟ್, ಅಂದರೆ ಮೂರು ಬೈಟ್. ಗುಣಿಸಿದರೆ ಸೆಕೆಂಡಿಗೆ 1,44,000 ಬೈಟ್, ನಿಮಿಷಕ್ಕೆ 8.64 ಎಂಬಿ. ಐದು ನಿಮಿಷದ ಹಾಡಿಗೆ ಇಪ್ಪತ್ತು ಟ್ರ್ಯಾಕ್ ಇಟ್ಟರೂ 864 ಎಂಬಿ, ಒಂದು ಜಿಬಿ ಕೂಡ ಆಗಲ್ಲ. ಎಂಟು ಮೈಕಲ್ಲಿ ಒಟ್ಟಿಗೆ ಭಜನೆ ರೆಕಾರ್ಡ್ ಮಾಡಿದರೂ ಡಿಸ್ಕಿಗೆ ಬರೆಯಬೇಕಾದದ್ದು ಸೆಕೆಂಡಿಗೆ ಒಂದು ಎಂಬಿಗೆ ಚೂರು ಮೇಲೆ. ಹತ್ತು ವರ್ಷದ ಹಳೇ ಹಾರ್ಡ್‌ಡಿಸ್ಕ್ ಕೂಡ ಅದರ ಹತ್ತಾರು ಪಟ್ಟು ಬರೆಯುತ್ತೆ.

ಇನ್ನು ಮಿಕ್ಸಿಂಗ್. ಟ್ರ್ಯಾಕುಗಳನ್ನು ಕೂಡಿಸೋದು, ಒಂದನ್ನು ಜಾಸ್ತಿ ಮಾಡೋದು, ಇನ್ನೊಂದನ್ನು ತಗ್ಗಿಸೋದು, ಸ್ವಲ್ಪ ಗುಂಯ್ ಅನ್ನೋ ಎಫೆಕ್ಟ್ ಹಾಕೋದು, ಎಲ್ಲಾ ಕೂಡುವ, ಗುಣಿಸುವ ಲೆಕ್ಕವೇ. ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ: ಹಳೇ ಕ್ಯಾಲ್ಕುಲೇಟರಿನಲ್ಲಿ ಕೂಡಿದರೂ ಹೊಸ ಬಿಲ್ಲಿಂಗ್ ಮೆಷಿನಿನಲ್ಲಿ ಕೂಡಿದರೂ ಬಿಲ್ಲಿನ ಮೊತ್ತ ಒಂದೇ. ಅದೇ ಸಾಫ್ಟ್‌ವೇರ್, ಅದೇ ಟ್ರ್ಯಾಕ್, ಅದೇ ಸೆಟ್ಟಿಂಗ್ ಇಟ್ಟು ಇಪ್ಪತ್ತು ಸಾವಿರದ ಲ್ಯಾಪ್‌ಟಾಪಲ್ಲಿ ತೆಗೆದ ಹಾಡಿಗೂ ಎರಡು ಲಕ್ಷದ್ದರಲ್ಲಿ ತೆಗೆದ ಹಾಡಿಗೂ ಸೌಂಡಲ್ಲಿ ವ್ಯತ್ಯಾಸ ಇರಲ್ಲ. ಹೊಸದರಲ್ಲಿ ಅರ್ಧ ನಿಮಿಷಕ್ಕೆ ಹೊರಬರೋ ಫೈಲ್ ಹಳೇದರಲ್ಲಿ ಮೂರು ನಿಮಿಷ ತಗೋಬಹುದು, ಅಷ್ಟೇ. ಆ ಮೂರು ನಿಮಿಷದಲ್ಲಿ ಒಂದು ಟೀ ಕುಡಿದು ಬನ್ನಿ.

ಹಾಗಾದರೆ ಆ ಪಟಪಟ ಯಾಕೆ?

ಹುಡುಗನ ದೂರು ಇದ್ದದ್ದು ಇಲ್ಲಿ. ಅದಕ್ಕೆ ಕಾರಣ ಗೊತ್ತಾದರೆ ಅರ್ಧ ಸಾಲ ಉಳಿಯುತ್ತೆ.

ಕಂಪ್ಯೂಟರ್ ಸೌಂಡನ್ನು ಒಂದೊಂದೇ ಅಂಕಿಯಾಗಿ ಸಾಗಿಸಲ್ಲ, ಒಂದಿಷ್ಟನ್ನು ತುಂಬಿಕೊಂಡು ಒಟ್ಟಿಗೆ ಸಾಗಿಸುತ್ತೆ. ಬಾವಿಯಿಂದ ನೀರು ಹೊತ್ತ ಹಾಗೆ. ಚಿಕ್ಕ ಚೊಂಬು ತಗೊಂಡರೆ ನೀರು ಬೇಗ ಬೇಗ ಬರುತ್ತೆ, ಆದರೆ ಓಡಾಟ ಜಾಸ್ತಿ. ದೊಡ್ಡ ಕೊಡ ತಗೊಂಡರೆ ಓಡಾಟ ಕಮ್ಮಿ, ನೀರು ಬರೋದು ತಡ. ಈ ಚೊಂಬಿಗೆ ಸಾಫ್ಟ್‌ವೇರಿನಲ್ಲಿ ಬಫರ್ ಅಂತ ಹೆಸರು. ಬಫರ್ 128ಕ್ಕೆ ಇಟ್ಟರೆ ತಡ ಆಗೋದು ಒಂದು ಸೆಕೆಂಡಿನ ಸಾವಿರದ ಮೂರನೇ ಭಾಗ ಅಲ್ಲ, ಸಾವಿರ ಭಾಗದಲ್ಲಿ ಮೂರು ಭಾಗಕ್ಕಿಂತ ಕಮ್ಮಿ, ಸುಮಾರು 2.7 ಮಿಲಿಸೆಕೆಂಡ್. 1024ಕ್ಕೆ ಇಟ್ಟರೆ 21 ಮಿಲಿಸೆಕೆಂಡ್. ಒಳಗೆ ಹೋಗೋಕೊಂದು ಸಲ, ಹೊರಗೆ ಬರೋಕೊಂದು ಸಲ ಅಂತ ಇದು ಎರಡು ಸಲ ಸೇರುತ್ತೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಹಾಗಾಗಿ ಹತ್ತು ಮಿಲಿಸೆಕೆಂಡ್ ಅಂದರೆ ಹನ್ನೊಂದು ಅಡಿ ದೂರದಲ್ಲಿ ಕೂತವರ ತಬಲಾ ಕೇಳಿದ ಹಾಗೆ, ಅಷ್ಟು ತಡವನ್ನು ನಮ್ಮ ಭಜನೆಯವರು ದಿನಾ ಸಹಿಸ್ಕೋತಾರೆ. ನಲವತ್ತಾದರೆ ಮಾತ್ರ ತಾಳ ತಪ್ಪುತ್ತೆ.

ಚೊಂಬು ಬಹಳ ಚಿಕ್ಕದಾಗಿ, ಹೊರೋ ಕೆಲಸ ಜಾಸ್ತಿ ಆದಾಗ ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ಬಂದು ಮುಟ್ಟಲ್ಲ. ಆ ಖಾಲಿ ಜಾಗವೇ ಪಟಪಟ ಅಂತ ಕೇಳೋದು.

ಆ ಹುಡುಗನ ಲ್ಯಾಪ್‌ಟಾಪ್ ತೆಗೆಸಿ ನೋಡಿದಾಗ ಬಫರ್ 64ರಲ್ಲೇ ಇತ್ತು, ಮಿಕ್ಸಿಂಗ್ ಮಾಡುವಾಗಲೂ. ವೈಫೈ ಆನ್, ಬ್ರೌಸರಿನಲ್ಲಿ ಹದಿನಾಲ್ಕು ಪುಟ ತೆರೆದಿದ್ದವು, ಪವರ್ ಸೆಟ್ಟಿಂಗ್ ಬ್ಯಾಟರಿ ಉಳಿಸೋ ಕಡೆಗಿತ್ತು. ರ‍್ಯಾಮ್ ನಾಲ್ಕು ಜಿಬಿ. ಒಳಗೆ ತಿರುಗೋ ಹಾರ್ಡ್‌ಡಿಸ್ಕ್. ಫ್ಯಾನಿನ ತುಂಬ ಧೂಳು, ಅಂಗಡಿಯ ಅಕ್ಕಿ ಮೂಟೆ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡ್ತಿದ್ದನಂತೆ. ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತೆ. ಇಷ್ಟೆಲ್ಲ ಇದ್ದೂ ಆರು ಟ್ರ್ಯಾಕ್ ನಡೆದದ್ದೇ ದೊಡ್ಡದು.

ಮಾಡಬೇಕಾದ್ದು ಸುಲಭ. ಹಾಡು ರೆಕಾರ್ಡ್ ಮಾಡುವಾಗ ಬಫರ್ ಚಿಕ್ಕದಿರಲಿ, 128 ಅಥವಾ 256. ರೆಕಾರ್ಡಿಂಗ್ ಮುಗಿದು ಮಿಕ್ಸಿಂಗಿಗೆ ಕೂತಾಗ 1024ಕ್ಕೆ ಏರಿಸಿ, ಆಗ ತಡ ಆದರೆ ಯಾರಿಗೇನು? ಬಹಳಷ್ಟು ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಅನ್ನೋ ಗುಂಡಿ ಇರುತ್ತೆ. ಅದನ್ನು ಒತ್ತಿದರೆ ಹಾಡುವವರ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನಿಗೆ ಬರುತ್ತೆ, ತಡದ ಪ್ರಶ್ನೆಯೇ ಇಲ್ಲ. ಈ ಗುಂಡಿ ಯಾವುದಕ್ಕೆ ಅಂತ ಹುಡುಗನಿಗೆ ಗೊತ್ತೇ ಇರಲಿಲ್ಲ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ ಆಸಿಯೋ ಡ್ರೈವರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಎಷ್ಟು ದೊಡ್ಡ ಮೆಷಿನ್ ತಂದರೂ ತಡ ಹೋಗಲ್ಲ. ಹೆಚ್ಚು ಭಾರದ ಟ್ರ್ಯಾಕನ್ನು ಫ್ರೀಜ್ ಮಾಡಿ, ಅಂದರೆ ಎಫೆಕ್ಟ್ ಸಮೇತ ಒಂದು ಸಾದಾ ಫೈಲಾಗಿ ಮಾಡಿಡಿ. ಆಮೇಲೆ ಬದಲಾಯಿಸಬೇಕು ಅನ್ನಿಸಿದರೆ ಬಿಚ್ಚಬಹುದು.

ಈ ನಂಬಿಕೆ ಬಂದದ್ದು ಎಲ್ಲಿಂದ

ಒಂದು ಕಾಲಕ್ಕೆ ಈ ಮಾತು ನಿಜವೇ ಆಗಿತ್ತು. ಕನ್ನಡ ಸಿನಿಮಾ ಹಾಡಿನ ರೆಕಾರ್ಡಿಂಗ್‌ಗೆ ಮದ್ರಾಸಿಗೆ ಹೋಗಬೇಕಿದ್ದ ದಿನಗಳಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಅಷ್ಟು ದೊಡ್ಡ ಸುದ್ದಿ ಆಗಿದ್ದು ಅದಕ್ಕೇ. ಆಗಿನ ಟೇಪ್ ಮೆಷಿನ್, ಮಿಕ್ಸಿಂಗ್ ಕನ್ಸೋಲ್ ಒಂದು ಮನೆಯವರು ಕೊಳ್ಳುವಂಥದ್ದಲ್ಲ. ಇನ್ನು ನಮ್ಮ ಭಾಗದವರು ಬೆಳಗಾದರೆ ಹಚ್ಚುತ್ತಿದ್ದ ಭದ್ರಾವತಿ ಆಕಾಶವಾಣಿಯಲ್ಲಿ ಜನಪದ ಹಾಡು ಕೇಳಿ ಬೆಳೆದವರಿಗೆ ಗೊತ್ತಿರಬೇಕು, ಕಂಪ್ಯೂಟರ್ ಬರೋ ಮುಂಚೆ ಆ ಹಾಡುಗಳೆಲ್ಲ ಸ್ಪೂಲ್ ಟೇಪಿನಲ್ಲಿ ಹಿಡಿದವು. ಶಬ್ದ ಬರದಂತೆ ಕಟ್ಟಿದ ಕೋಣೆ, ಒಳ್ಳೇ ಮೈಕು, ಮೈಕನ್ನು ಎಲ್ಲಿಡಬೇಕು ಅಂತ ಗೊತ್ತಿದ್ದ ಜನ, ಇವು ಮೂರು ಇದ್ದವು.

ಕಂಪ್ಯೂಟರ್ ಬಂದ ಮೇಲೂ ಚಿಕ್ಕ ಮೆಷಿನ್ನೇ ದೊಡ್ಡ ಕೆಲಸ ಮಾಡಿದ ಉದಾಹರಣೆ ಬೇಕಾದಷ್ಟಿದೆ. 1985ರಲ್ಲಿ ಬಂದ ಅಟಾರಿ ಎಸ್‌ಟಿ ಅನ್ನೋ ಮನೆಬಳಕೆ ಕಂಪ್ಯೂಟರಿನಲ್ಲಿ ಕೀಬೋರ್ಡ್ ವಾದ್ಯ ಜೋಡಿಸೋ ಮಿಡಿ ಕಿಂಡಿ ಒಳಗೇ ಇತ್ತು. ಅದರ 1040 ಮಾದರಿಯ ರ‍್ಯಾಮ್ ಒಂದೇ ಒಂದು ಎಂಬಿ. ಇಂಗ್ಲೆಂಡಿನ ಫ್ಯಾಟ್‌ಬಾಯ್ ಸ್ಲಿಮ್ 1998ರಲ್ಲಿ ಲೋಕವೆಲ್ಲ ಕುಣಿದ ಆಲ್ಬಮ್ ಮಾಡಿದ್ದು ಆ ಹೊತ್ತಿಗಾಗಲೇ ಹಳೇ ಸಾಮಾನಾಗಿದ್ದ ಅಟಾರಿಯಲ್ಲೇ. ಒಂದು ಮಾತು ಸೇರಿಸಬೇಕು, ಅಟಾರಿ ದನಿಯನ್ನು ರೆಕಾರ್ಡ್ ಮಾಡ್ತಿರಲಿಲ್ಲ, ಯಾವ ವಾದ್ಯ ಯಾವಾಗ ನುಡಿಯಬೇಕು ಅಂತ ಆಜ್ಞೆ ಕೊಡ್ತಿತ್ತು, ಶಬ್ದ ಬರ್ತಿದ್ದದ್ದು ಹೊರಗಿನ ಸ್ಯಾಂಪ್ಲರ್ ಪೆಟ್ಟಿಗೆಗಳಿಂದ.

ಇತ್ತೀಚಿನದ್ದು ಬೇಕಾ? ಅಮೆರಿಕದ ಸ್ಟೀವ್ ಲೇಸಿ ಅನ್ನೋ ಹುಡುಗ ಐಫೋನಿನ ಗರಾಜ್‌ಬ್ಯಾಂಡ್ ಆ್ಯಪಿನಲ್ಲಿ ಗಿಟಾರ್ ನುಡಿಸಿ ಸಂಗೀತ ಕಟ್ಟುತ್ತಿದ್ದ. ಹಾಗೆ ಕಟ್ಟಿದ ಒಂದು ಸಂಗೀತ ಕೆಂಡ್ರಿಕ್ ಲಮಾರ್‌ನ 2017ರ 'ಡ್ಯಾಮ್' ಆಲ್ಬಮ್ಮಿನ ಹಾಡಾಯಿತು. ಆ ಆಲ್ಬಮ್ಮಿಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಬಿಲ್ಲಿ ಐಲಿಶ್ ಮತ್ತು ಅವಳ ಅಣ್ಣ ಫಿನಿಯಸ್ 2019ರ ಆಲ್ಬಮ್ಮನ್ನು ಅಪ್ಪ ಅಮ್ಮನ ಮನೆಯ ಮಲಗೋ ಕೋಣೆಯಲ್ಲಿ ಮಾಡಿದರು, ಮುಂದಿನ ವರ್ಷ ಅದಕ್ಕೆ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಸಿಕ್ಕಿತು.

ಇದನ್ನೆಲ್ಲ ಹೇಳಿದ ತಕ್ಷಣ ಮೊಬೈಲ್ ಇದ್ದರೆ ಎಲ್ಲರೂ ಗ್ರ್ಯಾಮಿ ತಗೋಬಹುದು ಅಂತಲ್ಲ. ಅವರ ಕೈಯಲ್ಲಿ ವಿದ್ಯೆ ಇತ್ತು, ಹತ್ತಿರ ತಿಳಿದವರಿದ್ದರು. ಇಲ್ಲದೇ ಇದ್ದದ್ದು ಲಕ್ಷಾಂತರದ ಸ್ಟುಡಿಯೋ.

ಅದೇ ದುಡ್ಡು ಎಲ್ಲಿ ಹಾಕಬೇಕು

ಮೊದಲು ಕೋಣೆ. ನಮ್ಮ ಆರ್‌ಸಿಸಿ ಮನೆಗಳ ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, ಟಿಂಗ್ ಅಂತ ಬಾಲ ಕೇಳುತ್ತೆ. ಆ ಬಾಲ ಹಾಡಿನ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತೆ, ಆಮೇಲೆ ಪೂರ್ತಿ ಬಿಡಿಸೋಕೆ ಆಗಲ್ಲ. ಗೋಡೆಗೆ ದಪ್ಪ ಕಂಬಳಿ, ನೆಲಕ್ಕೆ ಜಮಖಾನ, ಹಾಡುವವರ ಬೆನ್ನ ಹಿಂದೆ ಒಂದು ಹಾಸಿಗೆ ನಿಲ್ಲಿಸಿ. ಅರ್ಧ ಬಾಲ ಅಲ್ಲೇ ಸಾಯುತ್ತೆ. ಮೊಟ್ಟೆ ಟ್ರೇ ಅಂಟಿಸೋದು ನೋಡೋಕೆ ಮಾತ್ರ ಸ್ಟುಡಿಯೋ ಥರ ಇರುತ್ತೆ, ಹೆಚ್ಚೇನೂ ಉಪಯೋಗ ಇಲ್ಲ.

ಆಮೇಲೆ ಹೊರಗಿನ ಸದ್ದು. ಅಜ್ಜಂಪುರದಲ್ಲಿ ಸ್ಟೇಷನ್ ಹತ್ತಿರ ಮನೆ ಇದ್ದವರಿಗೆ ಹೇಳಬೇಕಾಗಿಲ್ಲ, ರೈಲಿನ ಹಾರನ್ ಒಂದು ಸಲ ಹಾಡಿನ ಮೇಲೆ ಬಿದ್ದರೆ ಆ ಸಾಲು ಮತ್ತೆ ಹಾಡಿಸಲೇಬೇಕು. ಬೋರ್‌ವೆಲ್ ಮೋಟರು, ಪಕ್ಕದ ಮನೆ ಮಿಕ್ಸಿ, ಸೀಲಿಂಗ್ ಫ್ಯಾನು ಇವೂ ಅಷ್ಟೇ. ರಾತ್ರಿ ಹತ್ತರ ಮೇಲೆ ರೆಕಾರ್ಡ್ ಮಾಡೋದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಳೇ ಲ್ಯಾಪ್‌ಟಾಪಿನ ಫ್ಯಾನೂ ಸದ್ದು ಮಾಡುತ್ತೆ, ಅದು ನಿಜವಾದ ತೊಂದರೆ. ಅದನ್ನು ಮೈಕಿನ ಬೆನ್ನ ಕಡೆಗೆ, ದೂರ ಇಡಿ.

ಮೈಕಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಬೇರೆಯೇ ಲೆಕ್ಕ ಇದೆ. ಡೊಳ್ಳು, ವೀರಗಾಸೆಯ ಸಂಬಾಳ, ಕರಡೆ ಇವು ಹತ್ತಿರದಲ್ಲಿ ಮೈಕಿಟ್ಟರೆ ಮೀಟರು ಕೆಂಪು ದಾಟಿಸಿಬಿಡ್ತವೆ. ಹಾಗೆ ಒಡೆದ ಸೌಂಡನ್ನು ಯಾವ ಕಂಪ್ಯೂಟರೂ ನೆಟ್ಟಗೆ ಮಾಡಲ್ಲ. ಡೊಳ್ಳಿಗೆ ಮೈಕು ನಾಲ್ಕೈದು ಅಡಿ ದೂರ ಇರಲಿ, ಅತಿ ಜೋರಾದ ಪೆಟ್ಟಿಗೂ ಮೀಟರ್ ಮೈನಸ್ ಹತ್ತು, ಹನ್ನೆರಡರ ಹತ್ತಿರ ನಿಲ್ಲೋ ಹಾಗೆ ಗೇನ್ ಇಡಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಕಮ್ಮಿ ಇಟ್ಟರೆ ನಷ್ಟ ಇಲ್ಲ, ಆಮೇಲೆ ಏರಿಸ್ಕೋಬಹುದು. ಅಂತರಘಟ್ಟೆ ಜಾತ್ರೆಯಂಥ ಕಡೆ ಗಾಡಿ ಓಡುವಾಗಿನ ಸದ್ದು ಹಿಡಿಯೋಕೆ ಹೋಗೋರು ಮೈಕಿಗೆ ಗಾಳಿ ತಡೆಯೋ ತುಪ್ಪಳದ ಟೋಪಿ ಮರೀಬೇಡಿ.

ಕರೆಂಟಿನ ವಿಷಯ ಎಲ್ಲರಿಗೂ ಗೊತ್ತಿರೋದೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪು ಒಂದು ಸಲ ಆಫ್ ಆದರೆ ಭಜನಾ ಮಂಡಳಿಯ ಹನ್ನೆರಡು ಜನರನ್ನು ಮತ್ತೆ ಒಂದು ಕಡೆ ಸೇರಿಸೋದು ಯಾರ ಕೈಲಾಗುತ್ತೆ? ಬ್ಯಾಟರಿ ಗಟ್ಟಿ ಇರೋ ಹಳೇ ಲ್ಯಾಪ್‌ಟಾಪೇ ಇಲ್ಲಿ ವಾಸಿ. ಸಾಫ್ಟ್‌ವೇರಿನಲ್ಲಿ ಎರಡು ನಿಮಿಷಕ್ಕೊಮ್ಮೆ ತಾನೇ ಸೇವ್ ಆಗೋ ಹಾಗೆ ಹಾಕಿಡಿ. ಹೆಡ್‌ಫೋನಲ್ಲಿ ಸದಾ ಗುಂ ಅನ್ನೋ ಸದ್ದು ಬರ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ತಪ್ಪು ಇರೋದು ಮನೆಯ ಅರ್ಥಿಂಗಲ್ಲೋ ಚಾರ್ಜರಲ್ಲೋ, ಎಲೆಕ್ಟ್ರಿಷಿಯನ್ ಕರೆಸಿ. ಹುಡುಗರು ಇದಕ್ಕೆ ಲ್ಯಾಪ್‌ಟಾಪ್ ಬದಲಾಯಿಸಿದ್ದೂ ಉಂಟು.

ರೆಕಾರ್ಡ್ ಆದದ್ದನ್ನು ಆ ರಾತ್ರಿಯೇ ಇನ್ನೊಂದು ಡಿಸ್ಕಿಗೆ ಹಾಕಿಡಿ. ಹಾಡಿದ ಅಜ್ಜಿ ಮುಂದಿನ ವರ್ಷ ಇರ್ತಾರೆ ಅಂತ ಏನು ಗ್ಯಾರಂಟಿ?

ಸಾಫ್ಟ್‌ವೇರಿಗೂ ದೊಡ್ಡ ದುಡ್ಡು ಬೇಡ. ರೀಪರ್ ಅನ್ನೋದು ಹಿಂದೆ ವಿನ್‌ಆ್ಯಂಪ್ ಮಾಡಿದ್ದ ಜಸ್ಟಿನ್ ಫ್ರಾಂಕೆಲ್ ಅವರ ಕಂಪನಿಯದ್ದು. ವೃತ್ತಿಪರರು ಬಳಸೋ ಸಾಫ್ಟ್‌ವೇರೇ, ಆದರೂ ತೀರಾ ಹಗುರ, ಹಳೇ ಮೆಷಿನ್ನಲ್ಲೂ ಓಡುತ್ತೆ. 60 ದಿನ ಸುಮ್ಮನೆ ಬಳಸಿ ನೋಡಬಹುದು. ಇದರಿಂದ ವರ್ಷಕ್ಕೆ 20 ಸಾವಿರ ಡಾಲರಿಗಿಂತ ಕಮ್ಮಿ ಸಂಪಾದಿಸೋರಿಗೆ ಲೈಸೆನ್ಸ್ 60 ಡಾಲರ್, ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ಕದ್ದ ಸಾಫ್ಟ್‌ವೇರ್ ಹಾಕ್ಕೊಂಡು 'ಕಂಪ್ಯೂಟರ್ ಸ್ಲೋ' ಅನ್ನೋರು ಮೊದಲು ಅದನ್ನು ತೆಗೆದು ನೋಡಿ. ಕ್ರ್ಯಾಕ್ ಫೈಲಿನ ಜೊತೆ ಏನೇನು ಒಳಗೆ ಬಂದಿರುತ್ತೋ, ಗಿರಾಕಿಯ ಹಾಡು, ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಎರಡೂ ಅದೇ ಮೆಷಿನ್ನಲ್ಲಿರುತ್ತೆ.

ಕೊಳ್ಳಲೇಬೇಕು ಅಂದ್ರೆ

ಮೊದಲು ಇರೋದನ್ನೇ ಸರಿ ಮಾಡಿಸಿ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ, ರ‍್ಯಾಮ್ ಎಂಟು ಅಥವಾ ಹದಿನಾರು ಜಿಬಿ, ಫ್ಯಾನ್ ಕ್ಲೀನಿಂಗ್, ಹೊಸ ಬ್ಯಾಟರಿ. ಎಲ್ಲ ಸೇರಿದರೂ ಒಂದೂವರೆ ಲಕ್ಷದ ಚಿಕ್ಕ ಪಾಲು.

ಅದು ತೀರಾ ಹಳೇದಾಗಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪುಗಳು ಎಸ್‌ಪಿ ರೋಡಿನಂಥ ಕಡೆ ಸಿಗ್ತವೆ. ಇಲ್ಲೊಂದು ಗೆರೆ ನೆನಪಿಟ್ಟುಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪೋದು ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನಿಂದ ಈಚೆಗಿನದ್ದನ್ನು. ಹಾಗಾಗಿ ಏಳನೇ ತಲೆಮಾರಿನದ್ದು, ಆರನೇದು ಈಗ ಅಗ್ಗಕ್ಕೆ ಕೈಗೆ ತುರುಕ್ತಾರೆ. ಎಂಟನೇದೋ ಅದರ ಮೇಲಿನದ್ದೋ ಕೇಳಿ. ಉದಾಹರಣೆಗೆ 2018ರ ಥಿಂಕ್‌ಪ್ಯಾಡ್ ಟಿ480, ಅದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ನಾವೇ ಬದಲಾಯಿಸ್ಕೋಬಹುದು. ಹಳೇದೇ ಇರಲಿ ಅನ್ನೋರು ಅದನ್ನು ಇಂಟರ್ನೆಟ್ಟಿಗೆ ಜೋಡಿಸದೆ ಸಂಗೀತಕ್ಕೆ ಮಾತ್ರ ಇಡಬಹುದು, ಅಥವಾ ಲಿನಕ್ಸ್ ಹಾಕಿಸಬಹುದು. ರೀಪರ್ ಲಿನಕ್ಸಿಗೂ ಇದೆ.

ಅಮೃತ್ ಮಹಲ್ ತಳಿಯ ಊರಿನವರು ನಾವು, ಎತ್ತಿನ ಗಾತ್ರ ನೋಡಿ ದುಡ್ಡು ಎಣಿಸಲ್ಲ. ಹಲ್ಲು ಹಿಡಿದು ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸ್ತೀವಿ. ಲ್ಯಾಪ್‌ಟಾಪಿಗೂ ಹಾಗೇ ಮಾಡಿ. ನಿಮ್ಮ ಅತಿ ಭಾರದ ಹಾಡನ್ನು ಪೆನ್‌ಡ್ರೈವಿನಲ್ಲಿ ತಗೊಂಡು ಹೋಗಿ, ನಿಮ್ಮ ಇಂಟರ್‌ಫೇಸನ್ನೂ ಒಯ್ಯಿರಿ, ಅಂಗಡಿಯಲ್ಲೇ ರೀಪರ್ ಹಾಕಿಸಿ ಅರ್ಧ ಗಂಟೆ ಓಡಿಸಿ. ಬಿಸಿಯಾಗಿ ಪಟಪಟ ಅಂದರೆ ಅಲ್ಲೇ ಬಿಟ್ಟು ಬನ್ನಿ. ಯುಎಸ್‌ಬಿ ಕಿಂಡಿ ಸಡಿಲ ಇದೆಯಾ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ, ಬಿಲ್ ಕೊಡ್ತಾರಾ, ಎಷ್ಟು ತಿಂಗಳ ಗ್ಯಾರಂಟಿ, ಎಲ್ಲಾ ಕೇಳಿ.

ಈಗ ಹುಡುಗನ ಪರವಾಗಿ ಎರಡು ಮಾತು. ಸಿನಿಮಾ ಹಿನ್ನೆಲೆ ಸಂಗೀತಕ್ಕೆ ನೂರಾರು ವಾದ್ಯಗಳ ಆರ್ಕೆಸ್ಟ್ರಾವನ್ನು ಕಂಪ್ಯೂಟರಿನಲ್ಲೇ ನುಡಿಸೋರಿಗೆ ದೊಡ್ಡ ಮೆಷಿನ್ ಬೇಕು. ಆ ವಾದ್ಯಗಳ ಸ್ಯಾಂಪಲ್‌ಗಳೇ ಹತ್ತಾರು ಜಿಬಿ ರ‍್ಯಾಮ್ ತಿಂತವೆ. ಚಿತ್ರಮಂದಿರದ ಅಟ್ಮಾಸ್ ಮಿಕ್ಸಿಂಗಿಗೂ ಬೇಕು. ಪಕ್ಕದ ಭದ್ರಾವತಿಯಿಂದ ಹೋದ ಅಜನೀಶ್ ಲೋಕನಾಥ್ ಅವರ ಹಾಗೆ ಸಿನಿಮಾಕ್ಕೆ ಸಂಗೀತ ಮಾಡಬೇಕು ಅನ್ನೋ ಆಸೆ ತಪ್ಪಲ್ಲ, ಆದರೆ ಆ ಕೆಲಸ ಕೈಗೆ ಬಂದ ಮೇಲೆ ಮೆಷಿನ್ ಕೊಳ್ಳೋಕೆ ದುಡ್ಡೂ ಅದರಿಂದಲೇ ಬರಬೇಕು.

ಇನ್ನೊಂದನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ. ಬಹಳಷ್ಟು ಹುಡುಗರು ಮ್ಯೂಸಿಕ್ ಅಂತ ಹೇಳಿ ಕೇಳೋ ಮೆಷಿನ್ ನಿಜವಾಗಿ ವಿಡಿಯೋ ಎಡಿಟಿಂಗಿಗೆ. 4ಕೆ ಮದುವೆ ವಿಡಿಯೋ ಕತ್ತರಿಸೋದು ಸೌಂಡಿಗಿಂತ ಎಷ್ಟೋ ಪಟ್ಟು ಭಾರ, ಅಲ್ಲಿ ಗ್ರಾಫಿಕ್ ಕಾರ್ಡ್ ಬೇಕಾಗುತ್ತೆ. ಆ ಕೆಲಸಕ್ಕೆ ಆರ್ಡರ್ ಇದ್ದರೆ ಒಳ್ಳೇ ಮೆಷಿನ್ ತಗೊಳ್ಳೋದು ವ್ಯಾಪಾರದ ಮಾತು. ಆದರೆ ಮನೆಯಲ್ಲಿ ಅಪ್ಪನ ಹತ್ತಿರ ಅದನ್ನೇ ನೇರವಾಗಿ ಹೇಳಿ, ಯಾವ ಕೆಲಸಕ್ಕೆ, ತಿಂಗಳಿಗೆ ಎಷ್ಟು ಅಂತ ಲೆಕ್ಕ ತೋರಿಸಿ.

ಅಂಗಡಿಯವರಿಗೂ ಒಂದು ಮಾತು ಇದೆ. ಪ್ರಚಾರಕ್ಕೆ ಧ್ವನಿ ಮಾಡಿಸೋಕೆ ಹೋದಾಗ ಬಣ್ಣದ ಲೈಟು ಮಿನುಗೋ ಕಂಪ್ಯೂಟರ್ ನೋಡಿ ರೇಟ್ ಒಪ್ಪಬೇಡಿ. ಹಿಂದೆ ಮಾಡಿದ ಎರಡು ಕೆಲಸ ಕೇಳಿಸು ಅನ್ನಿ. ಅವನ ಹೆಡ್‌ಫೋನಲ್ಲಿ ಬೇಡ, ನಿಮ್ಮ ಮೊಬೈಲಿನಲ್ಲಿ, ಆಮೇಲೆ ಆಟೋದ ಹಾರನ್ ಸ್ಪೀಕರಿನಲ್ಲಿ ಹಾಕಿಸಿ ಕೇಳಿ. ಅಂಗಡಿ ಹೆಸರು, ರೇಟು, ತಾರೀಖು ಬಸ್‌ಸ್ಟ್ಯಾಂಡ್ ಗಲಾಟೆಯಲ್ಲೂ ತಿಳಿಯುತ್ತಾ ನೋಡಿ. ಅದು ತಿಳಿದರೆ ಅವನು ಯಾವ ಮೆಷಿನ್ನಲ್ಲಿ ಮಾಡಿದ ಅನ್ನೋದು ನಿಮಗೆ ಬೇಡದ ವಿಷಯ.

ಕಿರಾಣಿ ಅಂಗಡಿಯ ಹುಡುಗನ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ಎಂಟು ಜಿಬಿ ರ‍್ಯಾಮ್ ಹಾಕಿಸಿದ್ದಾಗಿದೆ. ಬಫರ್ ಏರಿಸಿದ ಮೇಲೆ ಅದೇ ಭಜನೆ ಹಾಡು ಹತ್ತೊಂಬತ್ತು ಟ್ರ್ಯಾಕಿನಲ್ಲಿ ನಿಲ್ಲದೆ ಓಡಿತು. ಮೈಕು, ಇಂಟರ್‌ಫೇಸಿಗೆ ಅಪ್ಪ ದುಡ್ಡು ಕೊಡೋಕೆ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ರೆಕಾರ್ಡಿಂಗ್ ಕೋಣೆಯಲ್ಲಿ ಇನ್ನು ಮುಂದೆ ಅಕ್ಕಿ ಮೂಟೆ ಇಡಲ್ಲ, ಆದರೆ ಕಂಬಳಿ ಮಾತ್ರ ಮನೆಯದ್ದು ಮುಟ್ಟಬಾರದು, ಹೊಸದು ತರಬೇಕು. ಅದಕ್ಕೆ ಹುಡುಗ ಈ ವಾರ ಸಂತೆಗೆ ಹೋಗ್ತಾನಂತೆ.